ಇಷ್ಟದ ಅನಿಮೇಷನ್ ಸಿನಿಮಾದ ಸೀಕ್ವೆಲ್ ಗೆದ್ದಿದ್ಯಾ ಸೋತಿದ್ಯಾ? ತೂಗಿ ನೋಡೋದು ಹೇಗೆ ಅನ್ನೋ ಸಮಗ್ರ ಮಾರ್ಗದರ್ಶಿ

ದೊಡ್ಡ ಅನಿಮೇಷನ್ ಸೀಕ್ವೆಲ್ ಒಂದು ಬಂತು ಅಂದ್ರೆ ಪ್ರತಿ ಸಲ ಅದೇ ವಾದ ಶುರು. ಒಬ್ರು ನೂರು ಕೋಟಿ ಡಾಲರ್ ದಾಟಿದೆ, ಮಾತೇ ಇಲ್ಲ ಹಿಟ್ ಅಂತಾರೆ. ಇನ್ನೊಬ್ರು ಮೊದಲನೇ ಭಾಗದ ಹತ್ರಕ್ಕೂ ಬರಲ್ಲ ಅಂತಾರೆ. ಮತ್ತೊಬ್ರು ನಮ್ಮ ಮಗಳು ನಾಲ್ಕು ಸಲ ನೋಡಿದ್ಲು, ಇನ್ನೇನು ಬೇಕು ಅಂತಾರೆ. ಮೂವರೂ ನಿಜಾನೇ ಹೇಳ್ತಿರ್ತಾರೆ, ಆದ್ರೆ ಮೂರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳ್ತಿರ್ತಾರೆ, ಅದಕ್ಕೇ ವಾದ ಮುಗಿಯೋದೇ ಇಲ್ಲ.

ಎಡವೋ ಜಾಗ ಯಾವಾಗ್ಲೂ ಒಂದೇ, ಕೆಲಸ ಮಾಡೋ ಆರ್ಡರ್. ಮೊದ್ಲು ಕಲೆಕ್ಷನ್ ನೋಡ್ತಾರೆ, ಆಮೇಲೆ ರೇಟಿಂಗ್, ಆಮೇಲೆ ಸಿನಿಮಾ, ಮೊದಲ ಭಾಗವನ್ನಂತೂ ಮತ್ತೆ ಮುಟ್ಟೋದೇ ಇಲ್ಲ. ಇದನ್ನ ಪೂರ್ತಿ ತಿರುಗಿಸ್ಬೇಕು. ಕೆಳಗಿನ ಹಂತಗಳನ್ನ ಇದೇ ಆರ್ಡರ್‌ನಲ್ಲಿ ಮಾಡಿ, ಮಧ್ಯೆ ಒಂದನ್ನ ಹಾರಿಸಿದ್ರೆ ಮುಂದಿನದು ಸರಿಯಾಗಿ ಕೆಲಸ ಮಾಡಲ್ಲ.

## ಏನೇನು ಬೇಕು

ಮೊದಲ ಭಾಗ ಪೂರ್ತಿ ನೋಡೋಕೆ ಸಿಗೋ ಹಾಗಿರ್ಬೇಕು, ಯೂಟ್ಯೂಬ್ ಕ್ಲಿಪ್ಪು ರೀಲ್ಸು ಸಾಕಾಗಲ್ಲ. ಒಂದು ನೋಟ್‌ಬುಕ್ಕು, ಅಥವಾ ಫೋನಲ್ಲಿ ನೋಟ್ಸ್ ಆದ್ರೂ ಆಯ್ತು. ಬಾಕ್ಸ್ ಆಫೀಸ್ ಮೋಜೋ ಥರದ ಒಂದು ಕಲೆಕ್ಷನ್ ತಾಣ, ಅದ್ರಲ್ಲಿ ವಾರವಾರದ ಲೆಕ್ಕ ಇರ್ಬೇಕು, ಒಟ್ಟು ಮೊತ್ತ ಮಾತ್ರ ಇದ್ರೆ ಪ್ರಯೋಜನ ಇಲ್ಲ. ಫೋನಲ್ಲೇ ಇರೋ ಕ್ಯಾಲ್ಕುಲೇಟರ್ ಸಾಕು. ಇವೆಲ್ಲದಕ್ಕಿಂತ ಮುಖ್ಯವಾಗಿ ಆರರಿಂದ ಹನ್ನೆರಡು ವರ್ಷದೊಳಗಿನ ಒಂದು ಮಗು, ಮನೇಲಿ ಇಲ್ಲ ಅಂದ್ರೆ ಅಕ್ಕನ ಮಗು, ಪಕ್ಕದ್ಮನೆ ಮಗು ಯಾರಾದ್ರೂ ಸರಿ.

ಸಿನಿಮಾ ನೋಡೋ ತನಕ ರಿವ್ಯೂ ಓದ್ಬೇಡಿ. ಓದಿದ ಒಂದು ಸಾಲು ತಲೇಲಿ ಕೂತ್ರೆ ಎರಡು ಗಂಟೆ ಪೂರ್ತಿ ಅದನ್ನೇ ಹುಡುಕ್ತಾ ಕೂರ್ತೀರ.

## ಹಂತ 1: ಯಾವ ಗೆಲುವಿನ ಬಗ್ಗೆ ಕೇಳ್ತಿದೀನಿ ಅಂತ ಬರ್ಕೊಳ್ಳಿ

ಪುಟದಲ್ಲಿ ಮೂರು ಕಾಲಂ ಎಳೀರಿ: ಕಥೆ, ಮಕ್ಕಳು, ದುಡ್ಡು. ಕೊನೇ ತನಕ ಒಂದು ಕಾಲಂ ಲೆಕ್ಕ ಇನ್ನೊಂದಕ್ಕೆ ಸೇರಿಸ್ಬಾರದು.

ಯಾಕೆ ಅಂತ ತಿಳ್ಕೊಳ್ಳೋಕೆ 2011ರ ಕಾರ್ಸ್ 2 ನೋಡಿ. 2006ರ ಮೊದಲ ಕಾರ್ಸ್ ಪ್ರಪಂಚದಾದ್ಯಂತ ಸುಮಾರು 46 ಕೋಟಿ ಡಾಲರ್ ಮಾಡಿತ್ತು, ಎರಡನೇದು ಸುಮಾರು 56 ಕೋಟಿ. ದುಡ್ಡಿನ ಕಾಲಂ ಮಾತ್ರ ನೋಡಿದ್ರೆ ಮುಂದೆ ಹೋಗಿದೆ, ಮೇಲಾಗಿ ಮೊದಲ ಭಾಗದ ಹೆಸರಲ್ಲಿ ಆಟಿಕೆ, ಬ್ಯಾಗು, ಬಟ್ಟೆ ಇವೆಲ್ಲ ಸೇರಿ ಐದು ವರ್ಷಕ್ಕೆ ಹತ್ರ ಹತ್ರ ಸಾವಿರ ಕೋಟಿ ಡಾಲರ್ ವ್ಯಾಪಾರ ಆಗಿದೆ ಅಂತ ಆಗ ವರದಿಗಳು ಬಂದಿದ್ವು. ಆದ್ರೆ ಪಿಕ್ಸರ್ ಸ್ಟುಡಿಯೋದ ಸಿನಿಮಾಗಳಲ್ಲಿ, ವಿಮರ್ಶೆಗಳನ್ನ ಒಟ್ಟು ಮಾಡೋ ರಾಟನ್ ಟೊಮೇಟೋಸ್ ತಾಣದಲ್ಲಿ ಕೊಳೆತ ಟೊಮೆಟೊ ಬಿದ್ದ, ಅಂದ್ರೆ ಜಾಸ್ತಿ ವಿಮರ್ಶಕರು ಒಪ್ಪದ, ಮೊದಲನೇ ಸಿನಿಮಾ ಇದೇ, ಆಸ್ಕರ್ ನಾಮಿನೇಷನ್ನೂ ಬರ್ಲಿಲ್ಲ. ಈ ಮೂರು ಕಾಲಂ ಕೂಡಿಸಿ ಒಂದೇ ಮಾತಲ್ಲಿ ಹಿಟ್ಟೋ ಫ್ಲಾಪೋ ಅಂತ ಹೇಳೋಕೆ ಹೋದ್ರೆ ಏನೇ ಹೇಳಿದ್ರೂ ಅರ್ಧ ಸುಳ್ಳಾಗುತ್ತೆ.

ಇಲ್ಲೇ ಇನ್ನೊಂದು ಚೆಕ್ ಮಾಡ್ಕೊಳ್ಳಿ, ಇದು ನಿಜವಾಗ್ಲೂ ಸೀಕ್ವೆಲ್ ಹೌದಾ? 2013ರ ಮಾನ್‌ಸ್ಟರ್ಸ್ ಯೂನಿವರ್ಸಿಟಿ ಮೊದಲ ಭಾಗಕ್ಕಿಂತ ಹಿಂದಿನ ಕಥೆ, 2022ರ ಲೈಟ್‌ಇಯರ್ ಟಾಯ್ ಸ್ಟೋರಿಯ ಬಜ್ ಲೈಟ್‌ಇಯರ್ ಹೆಸರಿನ ಬೇರೆ ಕಥೆ. ನಮ್ಮ ಕಡೆ ನೋಡಿದ್ರೆ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ 2025ರ ಮಹಾವತಾರ್ ನರಸಿಂಹ ಕನ್ನಡದಲ್ಲೂ ಬಂತು, ಅದರ ಸರಣೀಲಿ ಮುಂದಿನದು ಪರಶುರಾಮನ ಕಥೆ ಅಂತ ಘೋಷಣೆ ಆಗಿದೆ. ಅಲ್ಲಿ ಅವತಾರವೇ ಬೇರೆ, ಹಾಗಾಗಿ ಪ್ರಹ್ಲಾದನ ಕಥೆ ಎಲ್ಲಿಗೆ ಬಂತು ಅಂತ ಕೇಳೋ ಹಾಗಿಲ್ಲ. ಇಂಥವಕ್ಕೆ ಕೆಳಗಿನ ಎರಡನೇ ಹಂತ ಹೊಂದಲ್ಲ, ನೇರವಾಗಿ ನಾಲ್ಕಕ್ಕೆ ಹೋಗಿ, ಹಂತ ಹಾರಿಸ್ಬಾರದು ಅನ್ನೋದಕ್ಕೆ ಇದೊಂದೇ ವಿನಾಯಿತಿ.

## ಹಂತ 2: ಮೊದಲ ಭಾಗ ಮತ್ತೆ ನೋಡಿ, ಒಂದು ಸಾಲು ಬರೀರಿ

ಜಾಸ್ತಿ ಜನ ತಪ್ಪಿಸೋದು ಇದನ್ನೇ. ನೆನಪಲ್ಲಿರೋ ಮೊದಲ ಭಾಗ ಬೇರೆ, ತೆರೆ ಮೇಲಿರೋ ಮೊದಲ ಭಾಗ ಬೇರೆ. ಎಂಟನೇ ವಯಸ್ಸಲ್ಲಿ ನೋಡಿದ ಸಿನಿಮಾಗೆ ಆ ವಯಸ್ಸು, ಆ ರಜೆ, ಪಕ್ಕದಲ್ಲಿ ಕೂತಿದ್ದ ಅಣ್ಣ ಎಲ್ಲಾ ಅಂಟ್ಕೊಂಡಿರುತ್ತೆ, ಅದರ ಜೊತೆ ಯಾವ ಹೊಸ ಸಿನಿಮಾನೂ ಪೈಪೋಟಿ ಮಾಡೋಕಾಗಲ್ಲ.

ನೋಡಿ ಮುಗಿಸಿದ ತಕ್ಷಣ ಒಂದೇ ಪ್ರಶ್ನೆಗೆ ಉತ್ತರ ಬರೀರಿ: ಕಥೆ ಸುಖಾಂತ್ಯ ಆದ್ಮೇಲೂ ಯಾವ ವಿಷಯ ಇತ್ಯರ್ಥ ಆಗ್ದೆ ಉಳೀತು? ಕಥೆಯ ಎಳೆ ಎಲ್ಲಿ ನಿಂತ್ತು ಅಂತ ಅಲ್ಲ, ಆ ಪಾತ್ರದ ಒಳಗೆ ಏನು ಉಳೀತು ಅಂತ.

ಟಾಯ್ ಸ್ಟೋರಿ (1995) ಮುಗಿಯುವಾಗ ಆಟಿಕೆಗಳಾದ ವುಡಿಗೂ ಬಜ್‌ಗೂ ದೋಸ್ತಿ ಆಗಿದೆ, ಆದ್ರೆ ಅವುಗಳ ಜೊತೆ ಆಡೋ ಹುಡುಗ ಆಂಡಿ ಒಂದಿನ ದೊಡ್ಡವನಾಗ್ತಾನೆ, ಆಟದ ಸಾಮಾನು ಬಿಡ್ತಾನೆ ಅನ್ನೋದು ಹಾಗೇ ಇದೆ. 1999ರ ಎರಡನೇ ಭಾಗ ಕೈ ಹಾಕಿದ್ದು ಸರಿಯಾಗಿ ಅಲ್ಲಿಗೇ. ಗಾಜಿನ ಪೆಟ್ಟಿಗೇಲಿ ಹಾಳಾಗ್ದೆ ಮ್ಯೂಸಿಯಂನಲ್ಲಿ ಇರ್ತೀಯಾ, ಇಲ್ಲಾ ಒಂದಿನ ಮರೆತು ಬಿಡೋ ಹುಡುಗನ ಹತ್ರ ವಾಪಸ್ ಹೋಗ್ತೀಯಾ ಅಂತ ವುಡಿನ ಕೇಳುತ್ತೆ. ಶ್ರೆಕ್ (2001) ಮದ್ವೆಗೆ ಮುಗೀತು, ಆದ್ರೆ ಹುಡುಗಿಯ ಅಪ್ಪ ಅಮ್ಮ ಇನ್ನೂ ಅಳಿಯನ ಮುಖಾನೇ ನೋಡಿಲ್ಲ, 2004ರ ಎರಡನೇ ಭಾಗ ಶುರುವಾಗೋದೇ ಆ ಮನೆಗೆ ಹೋಗೋದ್ರಿಂದ. ದಿ ಇನ್‌ಕ್ರೆಡಿಬಲ್ಸ್‌ನಲ್ಲಿ (2004) ಆ ಕುಟುಂಬ ಒಂದಾಯ್ತು, ಆದ್ರೆ ಸೂಪರ್‌ಹೀರೋಗಳ ಮೇಲಿನ ಕಾನೂನು ಹಾಗೇ ಇತ್ತು, ಹದಿನಾಲ್ಕು ವರ್ಷ ಬಿಟ್ಟು ಬಂದ 2018ರ ಸಿನಿಮಾ ಅದೇ ಕ್ಷಣದಿಂದ ಶುರು ಮಾಡ್ತು.

ಆ ಸಾಲು ಬರೆಯೋಕೆ ಆಗ್ಲೇ ಇಲ್ಲ, ಎಷ್ಟು ಯೋಚಿಸಿದ್ರೂ ಏನೂ ಉಳಿದಿಲ್ಲ ಅಂದ್ರೆ ಅದನ್ನೂ ಬರ್ಕೊಳ್ಳಿ. ಸೀಕ್ವೆಲ್‌ಗೆ ಜಾಗವೇ ಇರ್ಲಿಲ್ಲ ಅನ್ನೋದೂ ಒಂದು ಮಾಹಿತಿ, ಆಮೇಲೆ ಬೇಕಾಗುತ್ತೆ.

## ಹಂತ 3: ಸೀಕ್ವೆಲ್ ನೋಡುವಾಗ ಎರಡೇ ವಿಷಯಕ್ಕೆ ಕಣ್ಣಿಡಿ

ಮೊದಲ ಸಲ ನೋಡುವಾಗ ಎಲ್ಲಾ ಅಳೆಯೋಕೆ ಹೋಗ್ಬೇಡಿ. ಬರೀ ಎರಡು.

ಒಂದು, ನೀವು ಬರೆದ ಸಾಲಿಗೆ ಈ ಸಿನಿಮಾ ಬಂತಾ? ಬೇರೆ ದಾರೀಲಿ ಬಂದ್ರೂ ಪರ್ವಾಗಿಲ್ಲ, ಬಂತಾ ಅನ್ನೋದಷ್ಟೇ. ಸುಮಾರು ಎಷ್ಟು ಹೊತ್ತಿಗೆ ಬಂತು ಅಂತಾನೂ ಗುರುತು ಹಾಕ್ಕೊಳ್ಳಿ. ಅರ್ಧ ಸಿನಿಮಾ ಆದ್ರೂ ಹೊಸ ಊರು, ಹೊಸ ಪ್ರಾಣಿ, ಹೊಸ ವಾಹನ ತೋರಿಸ್ತಾನೇ ಇದಾರೆ ಅಂದ್ರೆ ಹೇಳೋಕೆ ವಿಷಯ ಇಲ್ಲ ಅನ್ನೋದರ ಸೂಚನೆ ಅದು.

ಎರಡು, ಪಾತ್ರ ಏನಾದ್ರೂ ಕಳ್ಕೊಳ್ತಾ, ಮತ್ತೆ ಕಳ್ಕೊಂಡಿದ್ದು ಕಳ್ಕೊಂಡ ಹಾಗೇ ಉಳೀತಾ? ನನ್ನ ಪ್ರಕಾರ ಇಡೀ ಮಾರ್ಗದರ್ಶೀಲಿ ಅತಿ ಮುಖ್ಯವಾದ ಪರೀಕ್ಷೆ ಇದೇ, ಅದಕ್ಕೆ ಎರಡು ಉದಾಹರಣೆ ಸ್ವಲ್ಪ ನಿಧಾನಕ್ಕೆ ನೋಡೋಣ.

2014ರ ಹೌ ಟು ಟ್ರೇನ್ ಯುವರ್ ಡ್ರ್ಯಾಗನ್ 2ರಲ್ಲಿ ಟೂತ್‌ಲೆಸ್ ಅನ್ನೋ ಡ್ರ್ಯಾಗನ್ ಬೇರೆ ದೊಡ್ಡ ಡ್ರ್ಯಾಗನ್ನಿನ ವಶಕ್ಕೆ ಹೋಗುತ್ತೆ, ಅದರ ಕಣ್ಣಿನ ಪಾಪೆ ಕಿರಿದಾಗಿ ಗೆರೆ ಥರ ಆಗುತ್ತೆ, ಹೀರೋ ಹುಡುಗ ಹಿಕಪ್ ಕಡೆಗೆ ಬೆಂಕಿ ಉಗುಳೋಕೆ ಬರುತ್ತೆ, ಅಪ್ಪ ಸ್ಟೋಯಿಕ್ ಮಗನನ್ನ ತಳ್ಳಿ ಅಡ್ಡ ಬಂದು ಸಾಯ್ತಾನೆ. ಕೊಂದಿದ್ದು ವಿಲನ್ ಅಲ್ಲ, ಹುಡುಗನ ಪ್ರಾಣಸ್ನೇಹಿತ. ಆ ಅಪ್ಪ ವಾಪಸ್ ಬರೋದೇ ಇಲ್ಲ, 2019ರ ಮೂರನೇ ಭಾಗದಲ್ಲೂ ಹಳೇ ನೆನಪಾಗಿ ಮಾತ್ರ ಕಾಣ್ತಾನೆ. ಚಿಕ್ಕ ಮಕ್ಕಳ ಸಿನಿಮಾದಲ್ಲಿ ಹೀಗೆ ಮಾಡೋಕೆ ಧೈರ್ಯ ಬೇಕು, ಮೊದಲ ಭಾಗದಲ್ಲಿ ಕಟ್ಟಿದ್ದ ಸ್ನೇಹಕ್ಕೆ ಇದ್ರಿಂದ ತೂಕ ಜಾಸ್ತಿ ಆಯ್ತೇ ಹೊರತು ಕಮ್ಮಿ ಆಗ್ಲಿಲ್ಲ.

ಇದರ ಪಕ್ಕ 2019ರ ಫ್ರೋಜನ್ 2 ಇಟ್ಟು ನೋಡಿ. ಮೊದಲ ಭಾಗ ಮುಗಿದಾಗ ಎಲ್ಸಾಗೆ ಈ ಶಕ್ತಿ ಬಂದಿದ್ದು ಎಲ್ಲಿಂದ ಅನ್ನೋದು ಉಳಿದಿತ್ತು, ಎರಡನೇದು ಆ ಪ್ರಶ್ನೆಯನ್ನೇ ಎತ್ಕೊಂಡಿದೆ, ಅಲ್ಲೀ ತನಕ ಸರಿಯಾಗೇ ಇದೆ. ಹಿಮದ ಗೊಂಬೆ ಓಲಾಫ್ ಎಲ್ಸಾಳ ತಂಗಿ ಆನಾ ಕೈಯಲ್ಲೇ ಹಿಮದ ಹುಡಿಯಾಗಿ ಕರಗಿ ಹೋಗ್ತಾನೆ, ಅಕ್ಕನೂ ಇಲ್ಲ ಅಂತ ಗೊತ್ತಾಗಿ ಆನಾ ಒಬ್ಬಳೇ ಗುಹೇಲಿ ಕೂತು ಹಾಡ್ತಾ ಎದ್ದು ನಡೀತಾಳೆ, ಆ ದೃಶ್ಯ ನನಗೆ ಎರಡೂ ಭಾಗ ಸೇರಿಸಿ ಅತಿ ಇಷ್ಟ. ಆದ್ರೆ ಆಮೇಲೆ ಎಲ್ಸಾ ವಾಪಸ್, ಓಲಾಫ್ ವಾಪಸ್, ಅಣೆಕಟ್ಟು ಒಡೆದ ನೀರು ಅವರ ರಾಜ್ಯ ಅರೆಂಡೆಲ್ ಮುಳುಗಿಸೋಕೆ ಬಂದು ಅಲ್ಲೇ ನಿಲ್ಲುತ್ತೆ. ಕಳ್ಕೊಂಡಿದ್ದೆಲ್ಲಾ ಹತ್ತೇ ನಿಮಿಷದಲ್ಲಿ ಕೈಗೆ ಸಿಕ್ತು. ಅಕ್ಕ ತಂಗಿ ಬೇರೆ ಬೇರೆ ಕಡೆ ಇರೋ ಹಾಗಾಯ್ತು ಅನ್ನೋದೊಂದೇ ಉಳಿದ ನಷ್ಟ. ಕಥೆಯ ಕಾಲಂನಲ್ಲಿ ನಾನು "ಪ್ರಶ್ನೆ ಸರಿ, ಬೆಲೆ ಕೊಡೋಕೆ ಹಿಂದೇಟು" ಅಂತ ಬರೀತೀನಿ, ಪೂರ್ತಿ ಸೋಲು ಅಂತ ಬರೆಯಲ್ಲ.

ಒಂದು ಎಚ್ಚರಿಕೆ, ನಷ್ಟ ಅಂದ್ರೆ ಸಾವೇ ಆಗ್ಬೇಕು ಅಂತಿಲ್ಲ. ಇನ್‌ಸೈಡ್ ಔಟ್ 2ರಲ್ಲಿ (2024) ಯಾರೂ ಸಾಯಲ್ಲ. ರೈಲಿ ಹಾಕಿ ಆಟದ ಪೆನಾಲ್ಟಿ ಬಾಕ್ಸಲ್ಲಿ ಕೂತು ಉಸಿರು ಕಟ್ಟಿ ಒದ್ದಾಡ್ತಾಳೆ, ತಲೆಯೊಳಗೆ ಆತಂಕ ಅನ್ನೋ ಕಿತ್ತಳೆ ಬಣ್ಣದ ಭಾವನೆ ಕಂಟ್ರೋಲ್ ಬೋರ್ಡ್ ಸುತ್ತ ಎಷ್ಟು ಜೋರಾಗಿ ಸುತ್ತುತ್ತೆ ಅಂದ್ರೆ ಸುಂಟರಗಾಳಿಯೇ ಆಗಿ, ಅದರ ನಡುವೆ ಅದು ಮಾತ್ರ ಕಣ್ಣಲ್ಲಿ ನೀರು ತುಂಬ್ಕೊಂಡು ಕಲ್ಲಾಗಿ ನಿಂತಿರುತ್ತೆ. "ನಾನು ಒಳ್ಳೆಯವಳು" ಅನ್ನೋ ಒಂದೇ ನಂಬಿಕೆ ಸಾಕಾಗಲ್ಲ ಅಂತ ಜಾಯ್ (ಖುಷಿ ಅನ್ನೋ ಭಾವನೆ) ಒಪ್ಕೊಳ್ಳೋದೇ ಅಲ್ಲಿನ ನಷ್ಟ. ಅಷ್ಟು ಸಾಕು.

## ಹಂತ 4: ಅಪಾಯದ ಸೂಚನೆಗಳನ್ನ ಪಟ್ಟಿ ಮಾಡಿ, ಆದ್ರೆ ಒಂದೊಂದನ್ನೂ ಎದುರು ಉದಾಹರಣೆ ಇಟ್ಟು ಪರೀಕ್ಷಿಸಿ

ಇದು ಎರಡನೇ ಸಲ ನೋಡುವಾಗ ಮಾಡೋ ಕೆಲಸ. ಇಲ್ಲಿ ಆಗೋ ಸಾಮಾನ್ಯ ತಪ್ಪು ಅಂದ್ರೆ ಸೂಚನೆಯನ್ನೇ ತೀರ್ಪು ಅಂತ ತಿಳ್ಕೊಳ್ಳೋದು.

ಪಕ್ಕದ ಪಾತ್ರಕ್ಕೆ ಬಡ್ತಿ ಕೊಟ್ಟು ಹೀರೋ ಮಾಡೋದು. ಕಾರ್ಸ್ 2ರಲ್ಲಿ ಮೇಟರ್‌ಗೆ ಇದಾಯ್ತು, ನೆಮೋ ಕಥೇಲಿ ಮರೆವಿನ ಮೀನು ಡೋರಿಗೂ ಇದೇ ಆಯ್ತು (2016ರ ಫೈಂಡಿಂಗ್ ಡೋರಿ, ನೂರು ಕೋಟಿ ಡಾಲರ್ ದಾಟಿತು). ವ್ಯತ್ಯಾಸ ಎಲ್ಲಿದೆ? ಡೋರಿಗೆ ಮೊದಲ ಭಾಗದಲ್ಲೇ ಒಂದು ಗಾಯ ಇತ್ತು, ನಾವು ಅದನ್ನ ನೋಡಿ ನಗ್ತಾ ಇದ್ವಿ ಅಷ್ಟೇ. ಮರೆವಿನ ಹಿಂದೆ ಒಂದು ಮನೆ ಇರ್ಬೇಕು, ಅಪ್ಪ ಅಮ್ಮ ಇರ್ಬೇಕು ಅಂತ ಎರಡನೇ ಭಾಗ ಕೇಳ್ತು, ಮಗಳು ದಾರಿ ಹುಡುಕ್ಕೊಂಡು ಬರ್ಲಿ ಅಂತ ಅವರು ವರ್ಷಗಟ್ಟಲೆ ಸಾಲಾಗಿ ಇಟ್ಟ ಕಪ್ಪೆಚಿಪ್ಪುಗಳನ್ನ ತೋರಿಸ್ತು. ಮೇಟರ್‌ಗೆ ಮೊದಲ ಭಾಗದಲ್ಲಿ ಅಂಥದ್ದೇನೂ ಇಲ್ಲ, ಅವನು ಖುಷಿಯಾಗಿದ್ದ, ಅದಕ್ಕೆ ಗೂಢಚಾರಿ ಕಥೆಯನ್ನ ಹೊರಗಿಂದ ತಂದು ಹೇರ್ಬೇಕಾಯ್ತು. ಟೋಕಿಯೋ ಪಾರ್ಟೀಲಿ ವಸಾಬಿಯನ್ನ ಪಿಸ್ತಾ ಐಸ್‌ಕ್ರೀಂ ಅಂದ್ಕೊಂಡು ತಿನ್ನೋ ಜೋಕು ಬಿಟ್ರೆ ಅವನ ಬಗ್ಗೆ ನಮಗೆ ಹೊಸದಾಗಿ ಗೊತ್ತಾಗೋದು ತುಂಬಾ ಕಮ್ಮಿ. ಹಾಗಾಗಿ ಕೇಳ್ಬೇಕಾಗಿರೋದು ಬಡ್ತಿ ಸಿಕ್ಕಿತಾ ಅಂತ ಅಲ್ಲ, ಬಡ್ತಿ ಸಿಗೋ ಮೊದ್ಲೇ ಆ ಪಾತ್ರಕ್ಕೆ ಗಾಯ ಇತ್ತಾ ಅಂತ.

ಹುಟ್ಟು. ಥಿಯೇಟರ್‌ಗೆ ಅಂತ ಮಾಡಿದ್ದಲ್ಲ, ಟಿವಿಗೋ ಸ್ಟ್ರೀಮಿಂಗ್‌ಗೋ ಮಾಡಿದ್ದನ್ನ ತಿರುಗಿಸಿದ್ದು ಅಂತ ಗೊತ್ತಾದ ತಕ್ಷಣ ಜನ ಕೈ ಬಿಡ್ತಾರೆ. 2024ರ ಮೋನಾ 2 ಮೊದ್ಲು ಡಿಸ್ನಿ ಪ್ಲಸ್‌ಗೆ ಸೀರೀಸ್ ಆಗಿ ಶುರುವಾಗಿದ್ದು ನಿಜ, ಹಾಗೇ ಟಾಯ್ ಸ್ಟೋರಿ 2 ಕೂಡ ನೇರ ವಿಡಿಯೋಗೆ ಅಂತ ಶುರುವಾಗಿದ್ದೇ! ಅಲ್ಲಿ ಆಮೇಲೆ ಕಥೆಯನ್ನ ಬುಡದಿಂದ ಹೊಸದಾಗಿ ಕಟ್ಟಿದ್ರು, ಸುಮಾರು ಒಂಬತ್ತೇ ತಿಂಗಳಲ್ಲಿ. ಮೋನಾ 2 ನೋಡುವಾಗ ಮಾತ್ರ ಒಂದು ದ್ವೀಪ, ಒಂದು ಕಂಟಕ, ಮುಂದಿನ ಕಂಟಕ ಅಂತ ಎಪಿಸೋಡ್ ಹೊಲಿಗೆ ಇನ್ನೂ ಕಾಣುತ್ತೆ, ಹಡಗಿಗೆ ಹತ್ತಿದ ಹೊಸ ಮೂವರಿಗೆ ಸರಿಯಾದ ಒಂದು ದೃಶ್ಯ ಸಿಗೋ ಮೊದ್ಲೇ ಮುಂದಕ್ಕೆ ಹೋಗಿರ್ತೀವಿ. ಹುಟ್ಟಿದ್ದು ಎಲ್ಲಿ ಅನ್ನೋದು ಬಿಡಿ, ಹೊಲಿಗೆ ಕಾಣ್ತಿದ್ಯಾ ಅಂತ ನೋಡಿ.

ಮೊದಲ ಭಾಗದ ಕೊನೆಯನ್ನ ಅಳಿಸೋದು. ಹೀರೋ ಕಲಿತಿದ್ದನ್ನ ಮರೆತು ಮತ್ತೆ ಅದೇ ಪಾಠ ಕಲೀತಿದಾನೆ ಅಂದ್ರೆ ಕಥೆಯ ಕಾಲಂನಲ್ಲಿ ದೊಡ್ಡ ಅಡ್ಡಗೆರೆ ಎಳೀರಿ, ಇದಕ್ಕೆ ನಾನು ವಿನಾಯಿತಿ ಕೊಡಲ್ಲ.

ಹಳೇ ಜೋಕು ಮತ್ತೆ ಹೇಳಿ ಚಪ್ಪಾಳೆಗೆ ಒಂದು ಕ್ಷಣ ನಿಲ್ಲೋದು, ಮೊದಲ ಭಾಗದ ಹಿಟ್ ಹಾಡಿನ ಟ್ಯೂನನ್ನ ಆಗಾಗ ತಂದು ಬಿಡೋದು, ಗೊಂಬೆ ಮಾಡಿ ಮಾರೋಕೆ ಅನುಕೂಲ ಆಗೋ ಮುದ್ದು ಪ್ರಾಣಿಯೊಂದಕ್ಕೆ ಕಥೇಲಿ ಕೆಲಸವೇ ಇಲ್ದೇ ಇರೋದು, ಇವೆಲ್ಲ ಚಿಕ್ಕ ಸೂಚನೆಗಳು. ಒಂದೆರಡಿದ್ರೆ ತಲೆ ಕೆಡಿಸ್ಕೊಳ್ಬೇಡಿ.

ಧ್ವನಿ ಬದಲಾಗಿದ್ದನ್ನ ಹೊಸಬರು ತುಂಬಾ ದೊಡ್ಡದು ಮಾಡ್ತಾರೆ. ಇನ್‌ಸೈಡ್ ಔಟ್ 2ರಲ್ಲಿ ಭಯ ಮತ್ತು ಅಸಹ್ಯ ಎರಡಕ್ಕೂ ಕಲಾವಿದರು ಬೇರೆ, ಕಥೆಗೇನೂ ಪೆಟ್ಟು ಬೀಳ್ಲಿಲ್ಲ. ಅದೇ 1994ರಲ್ಲಿ ನೇರ ವಿಡಿಯೋಗೆ ಬಂದ ಅಲ್ಲಾದ್ದೀನನ ಎರಡನೇ ಭಾಗದಲ್ಲಿ ರಾಬಿನ್ ವಿಲಿಯಮ್ಸ್ ಇಲ್ಲದ ಜೀನಿ ಬೇರೇನೇ ಆಗೋಯ್ತು, ಯಾಕಂದ್ರೆ ಆ ಪಾತ್ರ ನಿಂತಿದ್ದೇ ಆ ಧ್ವನಿಯ ಮೇಲೆ. ಇನ್ನು ನೀವು ಒಂದು ಭಾಗ ಇಂಗ್ಲಿಷಲ್ಲಿ, ಇನ್ನೊಂದು ಹಿಂದಿ ಡಬ್ಬಲ್ಲಿ ನೋಡಿದ್ರೆ ಧ್ವನಿ ಬಗ್ಗೆ, ಹಾಡಿನ ಬಗ್ಗೆ ತೀರ್ಪು ಕೊಡೋಕೇ ಹೋಗ್ಬೇಡಿ.

## ಹಂತ 5: ಮಕ್ಕಳನ್ನ ನೋಡಿ, ಕೇಳೋದು ಆಮೇಲೆ

ಥಿಯೇಟರ್‌ನಲ್ಲಿ ತೆರೆ ನೋಡೋ ಕಣ್ಣನ್ನ ಆಗಾಗ ಪಕ್ಕದ ಸೀಟಿಗೆ ತಿರುಗಿಸಿ. ಮಗು ನೀರು ಕೇಳಿದ್ದು, ಸೂಸೂ ಅಂದಿದ್ದು, ಸೀಟಿಂದ ಇಳಿದು ಮೆಟ್ಟಿಲ ಮೇಲೆ ಓಡಿದ್ದು ಯಾವ ದೃಶ್ಯದಲ್ಲಿ ಅಂತ ನೆನಪಿಟ್ಕೊಳ್ಳಿ. ಸಪ್ಪಳ ಇಲ್ಲದ ದೃಶ್ಯದಲ್ಲಿ ಮಕ್ಕಳು ಸುಮ್ನೆ ಕೂತಿದ್ರೆ ಸಿನಿಮಾ ಹಿಡಿದಿದೆ ಅಂತ ಅರ್ಥ. ಜೋರು ಚೇಸಿಂಗ್ ನಡೀವಾಗ್ಲೇ ಅವು ಪಾಪ್‌ಕಾರ್ನ್ ಡಬ್ಬಿ ತಳ ಕೆರೀತಿದ್ರೆ ಬೇರೆ ಅರ್ಥ.

ಒಂದು ಅಡ್ಜಸ್ಟ್‌ಮೆಂಟ್ ಮಾಡ್ಕೊಳ್ಳಿ. ಈ ಸಿನಿಮಾಗಳನ್ನ ಇಂಟರ್ವಲ್ ಇಟ್ಕೊಂಡು ಬರೆದಿರಲ್ಲ, ನಮ್ಮ ಥಿಯೇಟರ್‌ಗಳು ಮಧ್ಯೆ ಎಲ್ಲೋ ಕಟ್ ಮಾಡಿ ಲೈಟ್ ಹಾಕ್ತವೆ. ಮುಖ್ಯ ದೃಶ್ಯ ಏರ್ತಿರುವಾಗ ಲೈಟ್ ಬಿದ್ರೆ ಸೆಕೆಂಡ್ ಹಾಫ್ ಶುರುವಲ್ಲಿ ಮಕ್ಕಳಿಗೆ ಹಿಡಿತ ಬರೋಕೆ ಟೈಮ್ ಬೇಕು, ಆ ಹತ್ತು ನಿಮಿಷದ ಗಲಾಟೆಯನ್ನ ಸಿನಿಮಾ ತಲೆಗೆ ಕಟ್ಬೇಡಿ.

ಹೊರಗೆ ಬಂದ ತಕ್ಷಣ "ಚೆನ್ನಾಗಿತ್ತಾ ಪುಟ್ಟಾ?" ಅಂತ ಕೇಳಿದ್ರೆ "ಹ್ಞೂಂ" ಅಂತಾನೇ ಬರೋದು, ಐಸ್‌ಕ್ರೀಂ ಇನ್ನೂ ಬಾಕಿ ಇರುತ್ತಲ್ಲ. ಎರಡು ದಿನ ಬಿಟ್ಟು "ಆ ಸಿನಿಮಾದಲ್ಲಿ ಏನಾಯ್ತು ಹೇಳು" ಅಂತ ಕೇಳಿ, ಸುಮ್ನೆ ಕೇಳಿಸ್ಕೊಳ್ಳಿ, ಮಧ್ಯೆ ತಿದ್ಬೇಡಿ. "ಅದು ಬಂತು, ಇದು ಒಡೀತು, ಆಮೇಲೆ ಅದು ಬಂತು" ಅಂತ ಬರೀ ಘಟನೆ ಬಂದ್ರೆ ಸಿನಿಮಾ ಕಣ್ಣಿಗಷ್ಟೇ ತಲುಪಿದೆ. "ಅವ್ಳು ಯಾಕೆ ಹಾಗ್ ಮಾಡಿದ್ಲು ಅಂದ್ರೆ" ಅಂತ "ಯಾಕೆ" ಅನ್ನೋದು ಬಂದ್ರೆ ಒಳಗೆ ಇಳಿದಿದೆ. ನಮ್ಮಕ್ಕನ ಮಗಳು ಇನ್‌ಸೈಡ್ ಔಟ್ 2 ಕಥೆ ಹೇಳುವಾಗ ಹಾಕಿ ಮ್ಯಾಚಲ್ಲಿ ಯಾರು ಗೆದ್ರು ಅನ್ನೋದನ್ನ ಪೂರ್ತಿ ಮರೆತಿದ್ಲು, "ಆಂಟಿ, ಆ ಆರೆಂಜ್‌ದು ಕೆಟ್ಟದ್ದಲ್ಲ, ಅದಕ್ಕೆ ನಿಲ್ಸೋಕೆ ಗೊತ್ತಾಗ್ಲಿಲ್ಲ" ಅಂದ್ಲು. ಮಕ್ಕಳ ಕಾಲಂ ತುಂಬೋಕೆ ಇಂಥ ಒಂದು ವಾಕ್ಯ ಸಾಕು.

ಮನೇಲಿ ಎಷ್ಟು ಸಲ ಮತ್ತೆ ಹಾಕಿಸ್ಕೊಂಡು ನೋಡಿದ್ರು ಅನ್ನೋದನ್ನೂ ಬರ್ಕೊಳ್ಳಿ, ಆದ್ರೆ ಅದನ್ನ ಅತಿಯಾಗಿ ನಂಬ್ಬೇಡಿ. ನಾಲ್ಕು ವರ್ಷದ ಮಗು ಯಾವ್ದನ್ನ ಬೇಕಾದ್ರೂ ಇಪ್ಪತ್ತು ಸಲ ನೋಡುತ್ತೆ.

## ಹಂತ 6: ಈಗ ದುಡ್ಡಿನ ಲೆಕ್ಕ

ಇಲ್ಲಿ ಐದು ಲೆಕ್ಕ, ಒಂದಾದ್ಮೇಲೆ ಒಂದು.

ಮೊದಲನೇದು, ಖರ್ಚು. ಟಿಕೆಟ್ ದುಡ್ಡು ಪೂರ್ತಿ ಸ್ಟುಡಿಯೋಗೆ ಹೋಗಲ್ಲ, ಹತ್ರ ಹತ್ರ ಅರ್ಧ ಥಿಯೇಟರ್‌ಗೆ ಹೋಗುತ್ತೆ, ಚೀನಾದಲ್ಲಂತೂ ಸ್ಟುಡಿಯೋಗೆ ಸಿಗೋದು ಕಾಲು ಭಾಗದಷ್ಟು. ಪ್ರಚಾರದ ಖರ್ಚು ಬಜೆಟ್ಟಲ್ಲಿ ಸೇರಿರಲ್ಲ. ಅದಕ್ಕೆ ಬಜೆಟ್‌ನ ಎರಡೂವರೆ ಪಟ್ಟು ಬಂದ್ರೆ ಥಿಯೇಟರ್‌ನಲ್ಲಿ ಅಸಲು ಅಂತ ಅಂದಾಜು ಇಟ್ಕೊಳ್ತಾರೆ. ಲೈಟ್‌ಇಯರ್ ಬಜೆಟ್ 20 ಕೋಟಿ ಡಾಲರ್, ಬಂದಿದ್ದು ಸುಮಾರು 22.6 ಕೋಟಿ. ಬಜೆಟ್‌ಗಿಂತ ಜಾಸ್ತಿ ಬಂತಲ್ಲ ಲಾಭ ಅಂತ ಹೇಳೋರನ್ನ ನೋಡಿದೀನಿ, ಅಲ್ಲ, ದೊಡ್ಡ ನಷ್ಟ.

ಎರಡನೇದು, ಮೊದಲ ವಾರಾಂತ್ಯ ಆದ್ಮೇಲೂ ಸಿನಿಮಾ ಓಡ್ತಾ ಅನ್ನೋ ಲೆಕ್ಕ. ಅಮೆರಿಕದ ಒಟ್ಟು ಕಲೆಕ್ಷನ್ನನ್ನ ಮೊದಲ ವಾರಾಂತ್ಯದ ಕಲೆಕ್ಷನ್‌ನಿಂದ ಭಾಗಿಸಿ. ಮೊದಲ ವಾರಾಂತ್ಯ ತಂದುಕೊಡೋದು ಹಳೇ ಸಿನಿಮಾ ಮೇಲಿನ ಪ್ರೀತಿ, ಉಳಿದದ್ದು ತಂದುಕೊಡೋದು ಈ ಸಿನಿಮಾ. ಇನ್‌ಸೈಡ್ ಔಟ್ 2 ಮೊದಲ ವಾರಾಂತ್ಯ 15.4 ಕೋಟಿ, ಒಟ್ಟು 65 ಕೋಟಿ ಚಿಲ್ಲರೆ, ಅಂದ್ರೆ ನಾಲ್ಕು ಪಟ್ಟು ಮೇಲೆ. ಎರಡನೇ ವಾರಾಂತ್ಯದಲ್ಲೂ 10 ಕೋಟಿ ಬಂತು. ಮೂರು ಪಟ್ಟಿಗಿಂತ ಕಮ್ಮಿ ಆದ್ರೆ ಫ್ಯಾಮಿಲಿ ಸಿನಿಮಾಗೆ ಅದು ಒಳ್ಳೇ ಲಕ್ಷಣ ಅಲ್ಲ.

ಈ ಲೆಕ್ಕಕ್ಕೆ ಅತ್ಯುತ್ತಮ ಉದಾಹರಣೆ 2022ರ ಡಿಸೆಂಬರ್‌ನ ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್. ಮೊದಲ ವಾರಾಂತ್ಯ ಬರೀ 1.2 ಕೋಟಿ ಡಾಲರ್ ಚಿಲ್ಲರೆ. ಆ ಸೋಮವಾರವೇ ತೀರ್ಪು ಕೊಟ್ಟಿದ್ರೆ ಸೋತ್ತು ಅಂತ ಬರೀಬೇಕಿತ್ತು. ಆದ್ರೆ ಜನ ಜನಕ್ಕೆ ಹೇಳಿ ಹೇಳಿ ಅಮೆರಿಕ ಒಂದರಲ್ಲೇ 18 ಕೋಟಿ ದಾಟಿ, ಪ್ರಪಂಚದಾದ್ಯಂತ 48 ಕೋಟಿಗೆ ಬಂತು, ಬಜೆಟ್ ಸುಮಾರು 9 ಕೋಟಿ. ಬುಧವಾರವೇ ರಿಲೀಸ್ ಆಗಿತ್ತು, ವಾರಾಂತ್ಯಕ್ಕೇ ಕ್ರಿಸ್‌ಮಸ್ ಬಂದಿತ್ತು ಅನ್ನೋದನ್ನ ಕಳೆದ್ರೂ ಅಸಾಮಾನ್ಯ ಓಟ. ಕಾರಣ ಕಥೆಯ ಕಾಲಂನಲ್ಲಿ ಸಿಗುತ್ತೆ: ಎಂಟು ಜೀವ ಕಳ್ಕೊಂಡು ಒಂದೇ ಉಳಿದಿರೋ ಬೆಕ್ಕು, ಸಾವೇ ತೋಳದ ರೂಪದಲ್ಲಿ ಸಿಳ್ಳೆ ಹಾಕ್ತಾ ಹಿಂದೆ ಬರೋದು, ಕಾಡಲ್ಲಿ ಮರಕ್ಕೆ ಒರಗಿ ನಡುಗ್ತಿರೋ ಬೆಕ್ಕಿನ ಮೇಲೆ ಅದರ ಜೊತೆ ಬಂದ ಪುಟ್ಟ ನಾಯಿ ಏನೂ ಮಾತಾಡ್ದೆ ತಲೆ ಇಡೋದು.

ಹಬ್ಬದ ವಾರಾಂತ್ಯದಲ್ಲಿ ಬಂದ ಸಿನಿಮಾಗೆ ಎರಡನೇ ವಾರದ ಕುಸಿತ ಜಾಸ್ತಿ ಕಾಣೋದು ಸಹಜ. ಮೋನಾ 2 ಥ್ಯಾಂಕ್ಸ್‌ಗಿವಿಂಗ್‌ನ ಐದು ದಿನದಲ್ಲಿ 22.5 ಕೋಟಿ ಮಾಡಿ ಮುಂದಿನ ವಾರಾಂತ್ಯ 5 ಕೋಟಿ ಆಸುಪಾಸಿಗೆ ಬಂತು. ಐದು ದಿನಕ್ಕೆ ಮೂರು ದಿನ ಹೋಲಿಸಿ ಗಾಬರಿ ಆಗ್ಬೇಡಿ, ಮೂರಕ್ಕೆ ಮೂರನ್ನೇ ಹೋಲಿಸಿ.

ಮೂರನೇದು, ಊರು. ಹೌ ಟು ಟ್ರೇನ್ ಯುವರ್ ಡ್ರ್ಯಾಗನ್ 2 ಅಮೆರಿಕದಲ್ಲಿ ಸುಮಾರು 17.7 ಕೋಟಿ, ಮೊದಲನೇದು 21.7 ಕೋಟಿ, ಅಂದ್ರೆ ಇಳೀತು. ಪ್ರಪಂಚದಾದ್ಯಂತ 49 ಕೋಟಿ ಇದ್ದಿದ್ದು 62 ಕೋಟಿಗೆ ಏರ್ತು. ಒಂದೇ ಸಿನಿಮಾ, ಅಮೆರಿಕದ ಪತ್ರಿಕೆ ಓದಿದ್ರೆ ನಿರಾಸೆ, ಒಟ್ಟು ನೋಡಿದ್ರೆ ಏರಿಕೆ. ಯಾವ ಅಂಕಿ ಎಲ್ಲಿಂದು ಅಂತ ಪಕ್ಕದಲ್ಲಿ ಬರೀದೇ ಯಾವ ಅಂಕಿನೂ ಬರೀಬೇಡಿ.

ನಾಲ್ಕನೇದು, ಕಾಲ. ಶ್ರೆಕ್ 2 ಅಮೆರಿಕದಲ್ಲಿ 44.1 ಕೋಟಿ ಡಾಲರ್, ಫ್ರೋಜನ್ 2 47.7 ಕೋಟಿ. ಫ್ರೋಜನ್ ಮುಂದೆ ಅನ್ಸುತ್ತೆ. ಈಗ ಆಯಾ ವರ್ಷದ ಸರಾಸರಿ ಟಿಕೆಟ್ ದರದಿಂದ ಭಾಗಿಸಿ: 2004ರಲ್ಲಿ 6.21 ಡಾಲರ್, 2019ರಲ್ಲಿ 9.16. ಶ್ರೆಕ್ 2ಕ್ಕೆ ಸುಮಾರು 7.1 ಕೋಟಿ ಟಿಕೆಟ್, ಫ್ರೋಜನ್ 2ಕ್ಕೆ ಸುಮಾರು 5.2 ಕೋಟಿ. ಮಕ್ಕಳ ಟಿಕೆಟ್ ಅಗ್ಗ, ತ್ರೀಡಿ ಟಿಕೆಟ್ ದುಬಾರಿ, ಹಾಗಾಗಿ ಇದು ಅಂದಾಜೇ, ಆದ್ರೂ ಇಷ್ಟು ದೊಡ್ಡ ಅಂತರ ಅಂದಾಜಿನಲ್ಲಿ ಮುಚ್ಚಿ ಹೋಗಲ್ಲ.

ಐದನೇದು ಬೇಗ ಮುಗಿಯುತ್ತೆ, ರಿಲೀಸ್ ಆದ ರೀತಿ. 2020ರಲ್ಲಿ ಬಂದ ಟ್ರೋಲ್ಸ್, ಕ್ರೂಡ್ಸ್ ಸೀಕ್ವೆಲ್‌ಗಳು ಕೋವಿಡ್‌ಗೆ ಸಿಕ್ಕಿದ್ವು, 2023ರ ಚಿಕನ್ ರನ್ ಎರಡನೇ ಭಾಗ ನೆಟ್‌ಫ್ಲಿಕ್ಸ್‌ಗೆ ಹೋಯ್ತು. ಇವುಗಳ ದುಡ್ಡಿನ ಕಾಲಂನಲ್ಲಿ ಗೆರೆ ಎಳೆದು "ಹೋಲಿಸೋಕಾಗಲ್ಲ" ಅಂತ ಬರೀರಿ.

## ಹಂತ 7: ರೇಟಿಂಗ್ ಓದೋದು

ರಾಟನ್ ಟೊಮೇಟೋಸ್ ಶೇಕಡಾ ಅಂದ್ರೆ ಮಾರ್ಕ್ಸ್ ಅಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ ಪರವಾಗಿಲ್ಲ ಅಥವಾ ಅದಕ್ಕಿಂತ ಮೇಲೆ ಅಂದ್ರು ಅನ್ನೋದಷ್ಟೇ. ಹೆಚ್ಚಿನವರು ಬರೀ "ಓಕೆ" ಅಂದ ಸಿನಿಮಾಗೆ 90 ಬರ್ಬಹುದು, ಅರ್ಧ ಜನ ತಲೆ ಮೇಲೆ ಹೊತ್ಕೊಂಡ ಸಿನಿಮಾಗೆ 60. ಶೇಕಡಾ ಬಿಟ್ಟು, ಸರಾಸರಿ ಅಂಕ ಸಿಕ್ಕಿದ್ರೆ ಅದನ್ನ ನೋಡಿ.

ಸಿನಿಮಾಸ್ಕೋರ್ ಅನ್ನೋದು ಅಮೆರಿಕದಲ್ಲಿ ಮೊದಲ ದಿನ ಥಿಯೇಟರ್‌ನಿಂದ ಹೊರಗೆ ಬರೋರನ್ನ ಕೇಳಿ ಕೊಡೋ ಗ್ರೇಡು. ಫ್ಯಾಮಿಲಿ ಅನಿಮೇಷನ್‌ಗೆ ಅಲ್ಲಿ ಎಲ್ಲರೂ ಉದಾರಿಗಳು, ಕಾರ್ಸ್ 2ಕ್ಕೂ ಎ ಮೈನಸ್ ಬಂದಿತ್ತು, ಮೋನಾ 2ಕ್ಕೂ ಎ ಮೈನಸ್. ಇನ್‌ಕ್ರೆಡಿಬಲ್ಸ್ 2ಕ್ಕೆ ಎ ಪ್ಲಸ್. ಅಂದ್ರೆ ಇಲ್ಲಿ ಎ ಮೈನಸ್ ಅನ್ನೋದು ಹೊಗಳಿಕೆ ಅಲ್ಲ, ಬಿ ಬಂದ್ರಂತೂ ಗಂಭೀರ.

ಬುಕ್‌ಮೈಶೋ ರೇಟಿಂಗ್ ನೋಡ್ಲೇಬೇಕು ಅಂದ್ರೆ ಸ್ಟಾರ್ ಬಿಡಿ, ಕೆಳಗೆ ಅಪ್ಪ ಅಮ್ಮಂದಿರು ಬರೆದ ಎರಡು ಸಾಲು ಓದಿ. "ಐದು ವರ್ಷದ ಮಗ ಹೆದರ್ಕೊಂಡ" ಅನ್ನೋ ಮಾತು ನಾಲ್ಕೂವರೆ ಸ್ಟಾರ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತೆ.

ಆಸ್ಕರ್ ವಿಷಯ ಕೊನೆಗೆ ನೋಡಿ, ಕಮ್ಮಿ ತೂಕ ಕೊಡಿ. ಟಾಯ್ ಸ್ಟೋರಿ 3 ಮತ್ತು 4 ಎರಡಕ್ಕೂ ಅನಿಮೇಷನ್ ಆಸ್ಕರ್ ಬಂತು, ಆದ್ರೆ ನಾಲ್ಕನೇದು ಬೇಕಿತ್ತಾ ಅನ್ನೋ ಚರ್ಚೆ ಇನ್ನೂ ನಿಂತಿಲ್ಲ.

## ಹಂತ 8: ತೀರ್ಪು ಬರೆಯೋದು

ಮೂರು ಕಾಲಂಗೆ ಮೂರು ವಾಕ್ಯ, ಪ್ರತಿ ವಾಕ್ಯದಲ್ಲೂ ಒಂದು ದೃಶ್ಯ ಅಥವಾ ಒಂದು ಅಂಕಿ ಇರ್ಲೇಬೇಕು. ಮೋನಾ 2ಕ್ಕೆ ನಾನು ಬರೆದಿದ್ದು ಹೀಗೆ. ಕಥೆ: ಮೊದಲ ಭಾಗದಲ್ಲಿ ಜನ ಮತ್ತೆ ಸಮುದ್ರಕ್ಕೆ ಇಳಿದ್ರು, ಬೇರೆ ದ್ವೀಪದ ಜನ ಎಲ್ಲಿ ಅನ್ನೋದು ಉಳಿದಿತ್ತು, ಪ್ರಶ್ನೆ ಎತ್ಕೊಂಡಿದೆ, ಆದ್ರೆ ಎಪಿಸೋಡ್ ಹೊಲಿಗೆ ಬಿಚ್ಚಿಲ್ಲ, ಅರ್ಧ ಗೆಲುವು. ಮಕ್ಕಳು: ಘಟನೆ ಹೇಳಿದ್ರು, "ಯಾಕೆ" ಅನ್ನೋದು ಬರ್ಲಿಲ್ಲ. ದುಡ್ಡು: ಮೊದಲನೇದು ಪ್ರಪಂಚದಾದ್ಯಂತ 64 ಕೋಟಿ, ಇದು 105 ಕೋಟಿ, ಪೂರ್ತಿ ಗೆಲುವು.

ಯಾರಾದ್ರೂ ಒಂದೇ ಮಾತಲ್ಲಿ ಹೇಳು ಅಂತ ಹಠ ಮಾಡಿದ್ರೆ ಕಥೆಯ ಕಾಲಂ ಹೇಳಿ. ದುಡ್ಡಿನ ಕಾಲಂ ಸ್ಟುಡಿಯೋದವರಿಗೆ ಮೂರನೇ ಭಾಗ ಮಾಡ್ಬೇಕಾ ಬೇಡ್ವಾ ಅಂತ ಹೇಳುತ್ತೆ, ನಾವು ಇನ್ನೊಂದು ಸಲ ಟಿಕೆಟ್ ತಗೋಬೇಕಾ ಅನ್ನೋದಕ್ಕೆ ಅದ್ರಲ್ಲಿ ಉತ್ತರ ಇಲ್ಲ.

ರಿಲೀಸ್ ಆದ ಮೊದಲ ವಾರ ತೀರ್ಪನ್ನ ಪೆನ್ಸಿಲ್ಲಲ್ಲಿ ಬರೀರಿ. ಆರು ವಾರ ಆದ್ಮೇಲೆ ದುಡ್ಡಿನ ಕಾಲಂ ತಿದ್ದಿ, ಸ್ಟ್ರೀಮಿಂಗ್‌ಗೆ ಬಂದು ಮಕ್ಕಳು ಮನೇಲಿ ನೋಡಿದ್ಮೇಲೆ ಅವರ ಕಾಲಂ ತಿದ್ದಿ. ಕಥೆಯ ಕಾಲಂ ಮಾತ್ರ ಒಂದು ವರ್ಷ ಬಿಟ್ಟು, ಎರಡೂ ಭಾಗ ಒಂದೇ ದಿನ ಬೆನ್ನು ಬೆನ್ನಿಗೆ ನೋಡಿ ಆಮೇಲೆ ಪೆನ್ನಲ್ಲಿ ಬರೀರಿ.